ಪಾಚಿ ತೊಳೆದ ನೀರು

ಭಾನುವಾರ ಬೆಳಗಾದರೆ ನನಗೊಂದು ಕೆಲಸ ತಪ್ಪುತ್ತಿರಲಿಲ್ಲ. ಮೀನಿನ ತೊಟ್ಟಿಯ ಗಾಜಿಗಂಟಿದ ಪಾಚಿಯನ್ನು ಹಳೆಯ ಬ್ಲೇಡಿನಿಂದ ಕೆರೆಯುವುದು, ಎರಡು ಬಕೆಟ್ ನೀರು ಹೊರಚೆಲ್ಲಿ ಎರಡು ಬಕೆಟ್ ಹೊಸ ನೀರು ತುಂಬುವುದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಂದೊಂದಾಗಿ ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಬಕೆಟ್ ಎತ್ತಿಕೊಂಡ ನನ್ನನ್ನು ನೋಡಿ ಮನೆಯಾಕೆ, "ಮೊದಲು ಮನುಷ್ಯರ ಸ್ನಾನ ಆಗಲಿ ರೀ, ಆಮೇಲೆ ನಿಮ್ಮ ಮೀನಿಂದು" ಎಂದಳು.

ನೀರು ಬದಲಿಸುವುದನ್ನು ನಿಲ್ಲಿಸಿದೆ. ಅದರ ಬದಲಿಗೆಂದು ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವಂತೆ ಹಿಂಡಿ ತೊಳೆದೆ. ನಾಲ್ಕನೆಯ ದಿನ ಮೂರು ಗೋಲ್ಡ್‌ಫಿಶ್‌ಗಳಲ್ಲಿ ಎರಡು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಶಾಲೆಗೆ ಹೊರಟ ಮಗಳೇ ಮೊದಲು ನೋಡಿದ್ದು.

ತಪ್ಪು ನನ್ನದೇ. ಮೀನಿನ ಹೇಸಿಗೆ, ಉಳಿದ ಆಹಾರ ಇವುಗಳಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದು ಮೀನಿಗೆ ವಿಷ. ಸ್ಪಂಜಿನಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಮತ್ತೆ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನಲ್ಲಿ ನೀರಿನ ಕ್ಲೋರಿನ್ನಿಗೆ ಆ ಬ್ಯಾಕ್ಟೀರಿಯಾಗಳನ್ನೇ ಬಲಿಕೊಟ್ಟಿದ್ದೆ. ಅವು ಬದುಕಿದ್ದರೂ ಕೊನೆಗುಳಿಯುವ ನೈಟ್ರೇಟ್ ತೊಟ್ಟಿಯಲ್ಲೇ ಶೇಖರವಾಗುತ್ತದೆ. ಅದನ್ನು ಉಂಡೇ ಗಾಜಿನ ಮೇಲೆ ಪಾಚಿ ಕೊಬ್ಬುವುದು.

ಹಾಗಾದರೆ ಆ ಪಾಚಿಗೇ ಬೇರೆ ಜಾಗ ಕೊಟ್ಟು ಬೆಳೆಸಿದರೆ? ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಏಡಿ ಮಾಡಿದ್ದು ಅದನ್ನೇ. ಕೆರಿಬಿಯನ್ ಸಮುದ್ರದ ಹವಳ ದಿಬ್ಬಗಳಲ್ಲಿ ಅಲೆ ಬಡಿಯುವೆಡೆ ಹುಲ್ಲುಹಾಸಿನಂತೆ ಬೆಳೆಯುವ ಗಿಡ್ಡ ಪಾಚಿಯನ್ನು ಅವರು ಅಭ್ಯಸಿಸಿದ್ದರು. 1980ರ ಸುಮಾರಿಗೆ ವಾಷಿಂಗ್ಟನ್ನಿನ ವಸ್ತು ಸಂಗ್ರಹಾಲಯದಲ್ಲಿ ಹವಳ ದಿಬ್ಬದ ತೊಟ್ಟಿಯೊಂದನ್ನು ಕಟ್ಟಿದಾಗ, ಅದರ ನೀರನ್ನು ಪ್ರಖರ ಬೆಳಕಿನ ಕೆಳಗೆ ಪಾಚಿ ಬೆಳೆದ ಜಾಲರಿಯ ಮೇಲೆ ಅಲೆಯಲೆಯಾಗಿ ಹಾಯಿಸಿದರು. 1982ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. ಅರಿಜೋನಾದ ಬಯೋಸ್ಫಿಯರ್-2ರ ಪುಟ್ಟ 'ಸಮುದ್ರ'ಕ್ಕೂ ಇದನ್ನೇ ಅಳವಡಿಸಿದ್ದರು.

ಮನೆಯಲ್ಲಿ ಮಾಡಿಕೊಳ್ಳಲು ದೊಡ್ಡ ವಿದ್ಯೆಯೇನೂ ಬೇಡ. ಪ್ಲಾಸ್ಟಿಕ್ ಜಾಲರಿಯ ಒಂದು ತುಂಡನ್ನು ಹ್ಯಾಕ್‌ಸಾ ಬ್ಲೇಡಿನಿಂದ ಗೀರಿ ಒರಟು ಮಾಡಿ; ನುಣುಪಾಗಿದ್ದರೆ ಪಾಚಿಗೆ ಹಿಡಿತ ಸಿಗದು. ಪಿವಿಸಿ ಪೈಪಿನಲ್ಲಿ ಉದ್ದಕ್ಕೆ ಸೀಳು ಮಾಡಿ ಜಾಲರಿಯನ್ನು ಅದರಲ್ಲಿ ಸಿಕ್ಕಿಸಿ, ನೀರು ಎರಡೂ ಮೈಮೇಲೆ ತೆಳುವಾಗಿ ಇಳಿದು ತೊಟ್ಟಿಗೆ ಮರಳುವಂತೆ ಪಂಪು ಜೋಡಿಸಿ. ಜಾಲರಿಯ ಅಗಲದ ಪ್ರತಿ ಸೆಂಟಿಮೀಟರಿಗೆ ಗಂಟೆಗೆ ಸುಮಾರು 50 ಲೀಟರ್ ನೀರು ಹರಿಯಬೇಕು. ಎರಡೂ ಕಡೆ ಎಲ್‌ಇಡಿ ದೀಪ. ಕೆಂಪು ಬೆಳಕಾದರೆ ಉತ್ತಮ. ದಿನಕ್ಕೆ ಹನ್ನೆರಡು ಗಂಟೆ ಉರಿದರೆ ಆಯಿತು, ಆದರೆ ಆ ಬೆಳಕು ತೊಟ್ಟಿಗೆ ಬೀಳದಂತೆ ಮರೆಮಾಡಿ. ನೀರು, ಕರೆಂಟು ಎರಡೂ ಒಂದೇ ಕಡೆ ಇರುವುದರಿಂದ ವೈರಿನ ಕೆಲಸವನ್ನು ಬಲ್ಲವರಿಗೇ ಬಿಡಿ.

ಮೊದಲು ಕಂದು ಲೋಳೆ, ಆಮೇಲೆ ಹಸಿರು ಎಳೆ. ಚೆನ್ನಾಗಿ ಹಬ್ಬಲು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಹಳೆಯ ಫಿಲ್ಟರನ್ನು ತೆಗೆಯಬೇಡಿ. ಅನಂತರ ವಾರಕ್ಕೊಮ್ಮೆ ಜಾಲರಿಯನ್ನು ಹೊರತೆಗೆದು ಪಾಚಿಯನ್ನು ಕೆರೆದು ಎಸೆಯಬೇಕು. ಗುಟ್ಟೆಲ್ಲ ಇರುವುದು ಇಲ್ಲೇ: ನೈಟ್ರೇಟ್, ಫಾಸ್ಫೇಟ್‌ಗಳು ತೊಟ್ಟಿಯಿಂದ ಹೊರಬೀಳುವುದು ಈ ಪಾಚಿಯ ಜೊತೆಗೆ. ಕೆರೆಯಲು ಮರೆತರೆ ಬುಡ ಕೊಳೆತು ತಿಂದದ್ದನ್ನೆಲ್ಲ ಮತ್ತೆ ನೀರಿಗೇ ಕಕ್ಕುತ್ತದೆ. ಪೂರ್ತಿ ಬೋಳಿಸಬೇಡಿ, ಬುಡದಲ್ಲಿ ತುಸು ಉಳಿಯಲಿ. ಸಿಹಿನೀರಿನ ಪಾಚಿ ಸುಲಭವಾಗಿ ಕಳಚಿ ತೇಲುವುದರಿಂದ ಅದರತ್ತ ಇನ್ನಷ್ಟು ನಿಗಾ ಬೇಕು.

ನೀರು ಬದಲಿಸುವುದೇ ಬೇಡ ಎನ್ನುವವರೂ ಇದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. ಪಾಚಿಯಿಂದ ನೀರಿಗೆ ಹಳದಿ ಛಾಯೆ ಬರುವುದುಂಟು. ತಿಂಗಳಿಗೊಂದು ಬಕೆಟ್ ಬದಲಿಸುತ್ತೇನೆ. ಹಿಂದೆ ಎಂಟು ಬೇಕಿತ್ತು.

ಕೆರೆದ ಪಾಚಿ ಮನೆಯಾಕೆಯ ಕರಿಬೇವಿನ ಕುಂಡಕ್ಕೆ ಹೋಗುತ್ತದೆ. ಉಳಿದ ಒಂಟಿ ಮೀನಿಗೆ ಜೊತೆಯಾಗಿ ಎರಡು ಬೇಕೆಂದು ಮಗಳ ಹಟ. ಹಾಕುವ ಆಹಾರಕ್ಕೆ ತಕ್ಕಂತೆ ಜಾಲರಿ ದೊಡ್ಡದಿರಬೇಕಲ್ಲ! ಸದ್ಯಕ್ಕೆ ಒಂದಕ್ಕೆ ಒಪ್ಪಿದ್ದೇನೆ.