ಗೋಡೆಯ ತೇವ: ಎರಡು ಇಟ್ಟಿಗೆ, ಒಂದು ಪ್ಲಾಸ್ಟಿಕ್ ಹಾಳೆ

ಅಭ್ಯಾಸ ಬೋಧನೆಗಾಗಿ ನನಗೆ ಸಿಕ್ಕಿದ್ದು ಮಲೆನಾಡಿನ ಒಂದು ಪ್ರೌಢಶಾಲೆಯ 9ನೇ ತರಗತಿ, ಅದೂ ಮಳೆಗಾಲದಲ್ಲಿ. ಆವಿಯಾಗುವಿಕೆ ಮತ್ತು ಸಾಂದ್ರೀಕರಣದ ಪಾಠಕ್ಕೆ ಪೀಠಿಕೆಯಾಗಿ, ನಿಮ್ಮ ಮನೆಯಲ್ಲಿ ಎಲ್ಲೆಲ್ಲಿ ತೇವವಿದೆ ಎಂದು ಕೇಳಿದೆ. ಹೆಚ್ಚಿನವರ ಉತ್ತರ ಒಂದೇ: ಗೋಡೆಯ ಬುಡ ಮತ್ತು ನೆಲ. ಕಾರಣ ಕೇಳಿದರೆ ‘ಮಾಡು ಸೋರುತ್ತದೆ’ ಎಂದರು. ನೀರು ಕೆಳಗೇ ಹರಿಯುತ್ತದೆಂಬ ನಂಬಿಕೆ ಅಷ್ಟು ಗಟ್ಟಿ. ಒಬ್ಬ ವಿದ್ಯಾರ್ಥಿನಿ ಮಾತ್ರ, ಎರಡು ವರ್ಷ ಸಾಲಾಗಿ ಸಿಮೆಂಟ್ ಗಿಲಾವು ಮಾಡಿಸಿದರೂ ತೇವ ಇನ್ನೂ ಮೇಲಕ್ಕೇ ಏರಿದೆ, ಅಕ್ಕಿ ಮೂಟೆಗೆ ಬೂಸ್ಟು ಬಂದಿದೆ ಎಂದಳು. ಪಾಠ ಅಲ್ಲಿಂದಲೇ ಶುರುವಾಯಿತು.

ಇಟ್ಟಿಗೆ, ಜಂಬಿಟ್ಟಿಗೆ ಎರಡರಲ್ಲೂ ಸೂಕ್ಷ್ಮ ರಂಧ್ರಗಳಿವೆ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಸುಟ್ಟ ಇಟ್ಟಿಗೆ 24 ಗಂಟೆ ನೀರಿನಲ್ಲಿ ಮುಳುಗಿದಾಗ ತನ್ನ ತೂಕದ ಶೇ. 20ರವರೆಗೆ ನೀರು ಹೀರಬಹುದು. 3 ಕಿಲೋ ಇಟ್ಟಿಗೆಗೆ 600 ಗ್ರಾಂ. ಲೋಮನಾಳತ್ವದಿಂದ 0.1 ಮಿ.ಮೀ. ತ್ರಿಜ್ಯದ ಗಾಜಿನ ನಾಳದಲ್ಲಿ ನೀರು ಸುಮಾರು 15 ಸೆಂ.ಮೀ. ಏರುತ್ತದೆ. ನಾಳ ಕಿರಿದಾದಷ್ಟೂ ಏರಿಕೆ ಹೆಚ್ಚು. ಗೋಡೆಯಲ್ಲಿ ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಆವಿಯಾಗುವಿಕೆಯೂ ನಿರ್ಧರಿಸುತ್ತದೆ. ಮೇಲ್ಮೈಯನ್ನು ಸಿಮೆಂಟಿನಿಂದಲೋ ಆಯಿಲ್ ಪೇಂಟಿನಿಂದಲೋ ಮುಚ್ಚಿದರೆ ಆವಿಗೆ ದಾರಿ ತಪ್ಪಿ, ನೀರು ಮುಚ್ಚದ ಜಾಗ ಹುಡುಕಿ ಮೇಲೇರುತ್ತದೆ. ಆ ಹುಡುಗಿಯ ಮನೆಯಲ್ಲಿ ಆದದ್ದು ಇದೇ ಇರಬೇಕು. ಸುಣ್ಣದ ಗಿಲಾವು ಉಸಿರಾಡುತ್ತದೆ ಎಂದು ಹಳಬರು ಹೇಳುವುದು ಬರೀ ಅಲಂಕಾರವಲ್ಲ.

ಚಟುವಟಿಕೆ ಸರಳ. ಬಣ್ಣದ ನೀರಿನ ತಟ್ಟೆಯಲ್ಲಿ ಒಂದರ ಮೇಲೊಂದು ಇಟ್ಟಿಗೆ ಇಡಿ. ಇನ್ನೊಂದು ಜೋಡಿಯ ನಡುವೆ ಪ್ಲಾಸ್ಟಿಕ್ ಹಾಳೆ ಸೇರಿಸಿ. ಮೊದಲ ಜೋಡಿಯಲ್ಲಿ ತೇವ ನಿಧಾನವಾಗಿ ಮೇಲಿನ ಇಟ್ಟಿಗೆಗೂ ದಾಟುತ್ತದೆ, ಎರಡನೆಯದರಲ್ಲಿ ಹಾಳೆಯ ಬಳಿ ನಿಲ್ಲುತ್ತದೆ. ಪಾಯದ ಮೇಲೆ ಮೇಸ್ತ್ರಿ ಹಾಕುವ ತೇವನಿರೋಧಕ ಪದರದ ಕೆಲಸ ಇಷ್ಟೇ. ಅಮೆರಿಕದ ಮರದ ಮನೆಗಳಲ್ಲಿ ನೆಲದಡಿ ತೆವಳಿಕೊಂಡು ಹೋಗುವಷ್ಟೇ ಎತ್ತರದ ಜಾಗವಿರುತ್ತದೆ. ಅಲ್ಲಿಯೂ ಮಣ್ಣಿನ ಮೇಲೆ ದಪ್ಪ ಪಾಲಿಥೀನ್ ಹಾಸುವುದು ಮುಖ್ಯ ಉಪಾಯ.

ಆದರೆ ಎಲ್ಲ ತೇವವೂ ಮಣ್ಣಿನಿಂದ ಬರುವುದಿಲ್ಲ. 30° ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿಯಬಲ್ಲದು, 20°ಯಲ್ಲಿ 17 ಗ್ರಾಂ ಮಾತ್ರ. ಹಸಿ ಗಾಳಿ ತಣ್ಣನೆಯ ನೆಲಕ್ಕೆ ತಾಗಿದಾಗ ಉಳಿದದ್ದು ಹನಿಯಾಗುತ್ತದೆ. ‘ನೆಲ ಬೆವರಿದೆ’ ಎನ್ನುವುದು ಇದಕ್ಕೇ. ಎರಡನ್ನೂ ಬೇರ್ಪಡಿಸಲು ಅಂಗೈ ಎರಡರಷ್ಟು ಅಲ್ಯೂಮಿನಿಯಂ ಹಾಳೆಯನ್ನು ಒರೆಸಿದ ನೆಲಕ್ಕೆ ನಾಲ್ಕೂ ಅಂಚು ಬಿಗಿದು ಅಂಟಿಸಿ ಒಂದೆರಡು ದಿನ ಬಿಡಬೇಕು. ಹಾಳೆಯ ಅಡಿ ಒದ್ದೆಯಾದರೆ ನೀರು ನೆಲದಿಂದ, ಮೇಲ್ಭಾಗ ಒದ್ದೆಯಾದರೆ ಗಾಳಿಯಿಂದ. ಎರಡೂ ಕಡೆ ಒದ್ದೆಯಾದರೆ ಎರಡೂ ಕಾರಣ.

ಪರಿಹಾರ ಇದನ್ನೇ ಅವಲಂಬಿಸಿದೆ. ನೆಲ ಬೆವರುವ ಮನೆಯಲ್ಲಿ, ಹೊರಗಿನ ಗಾಳಿ ಹಸಿಯಾಗಿರುವಾಗ ಕಿಟಕಿ ತೆರೆದರೆ ತೊಂದರೆ ಹೆಚ್ಚುತ್ತದೆ. ಒಣ ಗಾಳಿ ಬೀಸುವಾಗ ತೆರೆಯಬೇಕು. ನೀರು ಮಣ್ಣಿನಿಂದ ಏರುತ್ತಿದ್ದರೆ ಸೂರಿನ ನೀರು ಪಾಯದ ಬಳಿ ನಿಲ್ಲದಂತೆ ಚರಂಡಿ ಮಾಡಿ, ಗೋಡೆಗೆ ಒತ್ತಿ ಬಿದ್ದ ಮಣ್ಣನ್ನು ತೇವನಿರೋಧಕ ಪದರಕ್ಕಿಂತ ಕೆಳಗೆ ಇಳಿಸಬೇಕು. ಗಿಲಾವಿನ ಖರ್ಚು ಆಮೇಲಿನದು.

ಸಹಪಾಠಿಗಳಿಗೊಂದು ಸೂಚನೆ: 40 ನಿಮಿಷದ ಅವಧಿಯಲ್ಲಿ ಇಟ್ಟಿಗೆ ಸಾಕಷ್ಟು ನೀರು ಹೀರುವುದಿಲ್ಲ. ಹಿಂದಿನ ದಿನವೇ ಒಂದು ಜೋಡಿ ಇಟ್ಟಿಡಿ. ತರಗತಿಯಲ್ಲಿ ತಕ್ಷಣ ತೋರಿಸಲು ಸಕ್ಕರೆ ಅಚ್ಚು ಮತ್ತು ಶಾಯಿ ಸಾಕು. ಅಲ್ಯೂಮಿನಿಯಂ ಹಾಳೆಯನ್ನು ಮಕ್ಕಳೇ ಮನೆಯಲ್ಲಿ ಅಂಟಿಸಿ ಸೋಮವಾರ ವರದಿ ತರಲಿ.