ಶುಶ್ರೂಷೆಯ ಕಾಯಕದಲ್ಲಿ ಅರಿವು ಮತ್ತು ಅಂತಃಕರಣ

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ರೋಗಿಗಳಿಗೆ ಮದ್ದು ನೀಡುವುದೇ ಆತನ ಕಾಯಕ. ಆತನ ವಚನಗಳಲ್ಲಿ ವೈದ್ಯಕದ ಪರಿಭಾಷೆಯೇ ಅಧ್ಯಾತ್ಮದ ಭಾಷೆಯಾಗಿದೆ. ದೇಹವ್ಯಾಧಿಯನ್ನು ಕುರಿತ ಮಾತು ಭವವ್ಯಾಧಿಯ ವಿಚಾರಕ್ಕೆ ಏರುತ್ತದೆ. ಚಿಕಿತ್ಸೆ ಮತ್ತು ಸಾಧನೆಗಳನ್ನು ಬೇರ್ಪಡಿಸದ ಈ ದೃಷ್ಟಿ ಇಂದಿನ ಆಸ್ಪತ್ರೆಗಳಿಗೆ ಏನನ್ನು ತಿಳಿಸುತ್ತದೆ ಎಂಬುದು ವಿಚಾರಾರ್ಹವಾಗಿದೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಉದಾಹರಣೆಯಾಗಿ ನೋಡಬಹುದು. ನೆಲಮಂಗಲ, ದೇವನಹಳ್ಳಿ, ಹೊಸಕೋಟೆಗಳ ಮೂಲಕ ರಾಷ್ಟ್ರೀಯ ಹೆದ್ದಾರಿಗಳು ಹಾಯ್ದುಹೋಗುವುದರಿಂದ ಅಪಘಾತದಲ್ಲಿ ನೊಂದವರು ಹೊತ್ತುಗೊತ್ತಿಲ್ಲದೆ ಆಸ್ಪತ್ರೆಗೆ ಬರುತ್ತಾರೆ. ದೊಡ್ಡಬಳ್ಳಾಪುರದ ಮಗ್ಗದ ಕೆಲಸಗಾರನು ಒಂದು ದಿನದ ಕೂಲಿಯನ್ನು ಬಿಟ್ಟು ಸರದಿಯಲ್ಲಿ ನಿಲ್ಲುತ್ತಾನೆ. ಅಂಥವನಿಗೆ ಕ್ಷಯವಿದೆಯೆಂದು ಭಾವಿಸೋಣ. ಸಾಮಾನ್ಯ ಕ್ಷಯಕ್ಕೆ ರೂಢಿಯ ಚಿಕಿತ್ಸೆ ೬ ತಿಂಗಳು. ನಡುವೆ ಮದ್ದನ್ನು ಬಿಟ್ಟರೆ ರೋಗಾಣುಗಳು ಔಷಧಕ್ಕೆ ಜಗ್ಗದಂತಾಗುವ ಅಪಾಯವುಂಟು. ಕಿಟಕಿಯ ಬಳಿ ಕೇಳಿದ ಒಂದು ಕಟುನುಡಿ ಅವನನ್ನು ಮತ್ತೆ ಬಾರದಂತೆ ಮಾಡಿದರೆ ಕೆಡುವುದು ಅವನ ಮನಸ್ಸು ಮಾತ್ರವಲ್ಲ, ಅವನ ಮನೆಮಂದಿಯ ಆರೋಗ್ಯವೂ ಹೌದು. ಆದುದರಿಂದ ದಯೆಯು ಚಿಕಿತ್ಸೆಗೆ ಹೊರಗಿನ ಅಲಂಕಾರವಲ್ಲ. ಅದರ ಅಂಗವೇ ಆಗಿದೆ.

ಹಾಗೆಂದು ಕಟುವಾಗಿ ನುಡಿದವರನ್ನು ನಿರ್ದಯರೆಂದು ತೀರ್ಮಾನಿಸುವುದು ನ್ಯಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ವೃತ್ತಿಜನ್ಯ ಬಳಲಿಕೆಗೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಕಾರ್ಯಸಾಮರ್ಥ್ಯ ಕುಗ್ಗುವುದು. ರಾತ್ರಿಪಾಳಿ ಮುಗಿಸಿದ ದಾದಿಯ ಸಿಡುಕಿನಲ್ಲಿ ಎಷ್ಟೋ ವೇಳೆ ಕಾಣುವುದು ಈ ಬತ್ತಿದ ಸ್ಥಿತಿಯೇ. ಇನ್ನೊಂದೆಡೆ ಶೋಕದಲ್ಲಿ ವಿವೇಕ ತಪ್ಪಿದ ಬಂಧುಗಳು ವೈದ್ಯರ ಮೇಲೆ ಕೈಮಾಡುವುದೂ ಉಂಟು. ಇದನ್ನು ತಡೆಯಲು ಕರ್ನಾಟಕವು ೨೦೦೯ರಲ್ಲಿ ಕಾಯಿದೆಯನ್ನೇ ತಂದಿತು. ಕಾಯಿದೆ ಎತ್ತಿದ ಕೈಯನ್ನು ತಡೆಯಬಲ್ಲುದು, ನಂಬಿಕೆಯನ್ನು ಹುಟ್ಟಿಸಲಾರದು.

ಇಲ್ಲಿ ಅರಿವಿನ ಅಭ್ಯಾಸಕ್ಕೆ ಸ್ಥಾನವಿದೆ. ೧೯೭೯ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಜಿನ್ ಎಂಬವರು ದೀರ್ಘಕಾಲದ ನೋವುಳ್ಳವರಿಗಾಗಿ ಧ್ಯಾನಾಧಾರಿತ ಶಿಕ್ಷಣವನ್ನು ಆರಂಭಿಸಿದರು. ಮುಂದೆ ಅದು ವೈದ್ಯರಿಗೂ ದಾದಿಯರಿಗೂ ವಿಸ್ತರಿಸಿತು. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ದೃಷ್ಟಿ, ಉಸಿರು, ಮನಗಳನ್ನು ಒಂದೆಡೆ ನಿಲ್ಲಿಸುವ ಸಾಧಕನಿಗೆ ಇದರ ಮರ್ಮ ತಿಳಿಯದಿರದು. ಆದರೆ ಎರಡೂ ಒಂದೇ ಎನ್ನಲಾಗದು. ಒಂದರ ಗುರಿ ಮನಸ್ಸಿನ ಸ್ವಾಸ್ಥ್ಯ. ಶಿವಯೋಗದ ಗುರಿ ಲಿಂಗಾಂಗ ಸಾಮರಸ್ಯ. ಎರಡಕ್ಕೂ ಸಮಾನವಾದುದು ಎಚ್ಚರ. ಒಬ್ಬ ರೋಗಿಯಿಂದ ಮತ್ತೊಬ್ಬನ ಬಳಿಗೆ ಹೋಗುವಾಗ ಕೈ ತೊಳೆಯುವುದು ಆಸ್ಪತ್ರೆಯ ನಿಯಮ. ಆ ಕ್ಷಣದಲ್ಲಿ ಉಸಿರನ್ನು ಗಮನಿಸಿ ಹಿಂದಿನ ಹಾಸಿಗೆಯ ಕಳವಳವನ್ನೂ ತೊಳೆದುಕೊಂಡರೆ ಮುಂದಿನವನ ಹೆಸರು, ಮದ್ದು, ಪ್ರಮಾಣಗಳತ್ತ ಗಮನ ಪೂರ್ಣವಾಗಿ ಹರಿಯುತ್ತದೆ. “ಕುಳಿತುಕೊಳ್ಳಿ ಅಮ್ಮ” ಎಂಬ ಮಾತಿಗೂ ಎಡೆ ದೊರೆಯುತ್ತದೆ.

ಎಚ್ಚರವೊಂದೇ ಸಾಲದು. ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರವು ಕಿಂಕರಭಾವವನ್ನು ಕಲಿಸುತ್ತದೆ. ಈ ಭಾವ ರೋಗಿಯ ಮುಂದೆ ಮಾತ್ರ ತೋರಿದರೆ ಅಪೂರ್ಣ. ಹಿರಿಯ ವೈದ್ಯರು ಕಿರಿಯರೊಡನೆ, ದಾದಿಯರು ಆಯಾಗಳೊಡನೆ, ಎಲ್ಲರೂ ನೆಲ ಒರೆಸುವವರೊಡನೆ ನುಡಿಯುವ ರೀತಿಯಲ್ಲಿ ಅದು ಪರೀಕ್ಷೆಗೊಳಗಾಗುತ್ತದೆ. ಗದರಿಸಿಕೊಂಡವನು ತನ್ನ ತಪ್ಪನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ತಪ್ಪಿನ ಫಲವನ್ನು ರೋಗಿಯು ಉಣ್ಣುತ್ತಾನೆ.

ಆಡಳಿತದ ಹೊಣೆಯೂ ಇಲ್ಲಿ ಮರೆಯತಕ್ಕದ್ದಲ್ಲ. ಪತಿಯು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದಳು. ದುಡಿಮೆಯ ಫಲಕ್ಕೆ ಮಿತಿಯಿರುವಂತೆ ದುಡಿಸಿಕೊಳ್ಳುವುದಕ್ಕೂ ಮಿತಿಯಿರಬೇಕೆಂಬುದನ್ನು ಈ ಪ್ರಸಂಗದಿಂದ ಗ್ರಹಿಸಬಹುದು. ಇಬ್ಬರ ಕೆಲಸವನ್ನು ಒಬ್ಬಳ ಮೇಲೆ ಹೊರಿಸಿ, ಅವಳಿಗೆ ಧ್ಯಾನವನ್ನು ಉಪದೇಶಿಸುವುದು ದಯೆಯಲ್ಲ. ಸಾಕಷ್ಟು ಸಿಬ್ಬಂದಿ, ಸಕಾಲದ ಊಟ, ವಿಶ್ರಾಂತಿಗೊಂದು ಕೊಠಡಿ ಇವು ದಾಸೋಹದ ಇಂದಿನ ರೂಪಗಳು. ಕಾಯಕವು ಕೈಲಾಸವಾಗಬೇಕಾದರೆ ಕಾಯಕ ಮಾಡುವ ಕಾಯವನ್ನೂ ಕಾಯಬೇಕು.