ತೋಟಾದ ಉದ್ದ: ಕಾಲು ಇಂಚಿನಲ್ಲಿ ಅಡಗಿದ ಅಪಾಯ

ಚಿತ್ರದುರ್ಗದ ಕೋಟೆ ನೋಡಲು ಬಂದವರು ಓಬವ್ವನ ಕಿಂಡಿಗೆ ತೋರುವ ಕುತೂಹಲವನ್ನು ಮದ್ದು ಅರೆಯುವ ಕಲ್ಲುಗಳಿಗೆ ತೋರುವುದು ಕಡಿಮೆ. ನೆಲಮಟ್ಟಕ್ಕಿಂತ ಕೆಳಗೆ ಕಟ್ಟಿದ ಗುಂಡಿಯಲ್ಲಿ ಕೂರಿಸಿದ ನಾಲ್ಕು ಭಾರಿ ಬೀಸುಕಲ್ಲುಗಳವು. ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲನ್ನು ಸೇರಿಸಿ ಅರೆದರೆ ಕೋವಿಯ ಮದ್ದು ಸಿದ್ಧವಾಗುತ್ತಿತ್ತು. 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿತು. ಆ ಕಾಲದ ಕೋವಿಗೆ ಮದ್ದನ್ನು ನಳಿಗೆಯ ಬಾಯಿಂದ ಸುರಿದು, ಗುಂಡು ಹಾಕಿ, ಗಜದಿಂದ ಜಡಿಯಬೇಕಿತ್ತು. ಎಷ್ಟು ಮದ್ದು ಎಂಬುದು ಜಡಿಯುವವನ ಕೈಯಳತೆ. ಅಳತೆ ತಪ್ಪಿದರೆ ಗುಂಡು ದೂರ ಹೋಗುತ್ತಿರಲಿಲ್ಲ. ಇಲ್ಲವೆ ಕೋವಿಯೇ ಸಿಡಿಯುತ್ತಿತ್ತು.

ಈಗಿನ ಕೋವಿಗಳಲ್ಲಿ ಈ ಲೆಕ್ಕವನ್ನು ಕಾರ್ಖಾನೆಯೇ ಮಾಡಿ ಮುಗಿಸುತ್ತದೆ. ಮದ್ದು, ಚರೆ, ಕೇಪು ಎಲ್ಲವೂ ಒಂದೇ ತೋಟಾದೊಳಗೆ ಅಡಕವಾಗಿ ಬರುತ್ತವೆ. ಕೋವಿ ಹಿಡಿದವನ ಪಾಲಿಗೆ ಉಳಿದಿರುವುದು ತನ್ನ ಕೋವಿಗೆ ಸರಿಹೊಂದುವ ತೋಟಾವನ್ನು ಆರಿಸುವ ಕೆಲಸ ಮಾತ್ರ. ಎಡವಟ್ಟು ಆಗುವುದೂ ಅಲ್ಲಿಯೇ.

ಹೊಳಲ್ಕೆರೆಯ ಅಡಿಕೆ ತೋಟ, ಹೊಸದುರ್ಗದ ತೆಂಗಿನ ತೋಟ, ಹಿರಿಯೂರು ಸೀಮೆಯ ಶೇಂಗಾ ಹೊಲ ಇರುವವರಿಗೆ ಹಂದಿ ಕಾಟ ಹೊಸದೇನಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಳ್ಳಲು 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಅವಕಾಶವಿದೆ. ಅದರ 13ನೇ ವಿಧಿ ಬೆಳೆ ರಕ್ಷಣೆಗೆ ಮೊದಲು ಹೇಳುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನೇ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ ಹಾಕುವ ಕೋವಿಗೂ ಪರವಾನಗಿ ಕೊಡಬಹುದು. ಆದರೆ ಈ ಪರವಾನಗಿ ಬೇಟೆಗೆ ಕೊಟ್ಟ ಅನುಮತಿಯಲ್ಲ. ಕಾಡುಪ್ರಾಣಿಗಳ ವಿಷಯದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇರೆಯೇ ಇದೆ.

ಮೊದಲು ‘ಬೋರ್’ ಎಂಬ ಮಾತಿನ ಅರ್ಥ ನೋಡೋಣ. ಒಂದು ರಾತಲು, ಅಂದರೆ ಸುಮಾರು 454 ಗ್ರಾಂ ಸೀಸವನ್ನು ಸಮನಾದ 12 ಗುಂಡುಗಳಾಗಿ ಮಾಡಿದರೆ, ಅಂಥ ಒಂದು ಗುಂಡು ಸರಿಯಾಗಿ ಕೂರುವ ನಳಿಗೆಯೇ 12 ಬೋರ್. ಅದರ ಒಳಅಗಲ ಸುಮಾರು 18.5 ಮಿಲಿಮೀಟರ್. ಅದೇ ಸೀಸವನ್ನು 20 ಭಾಗ ಮಾಡಿದರೆ ಗುಂಡು ಚಿಕ್ಕದಾಗುತ್ತದೆ. ಹೀಗಾಗಿ ಬೋರಿನ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದು.

ಬೋರ್ ಅಗಲದ ಅಳತೆ. ಉದ್ದದ ಅಳತೆ ಬೇರೆ. ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡು ಇರುತ್ತದೆ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಈ ಗೂಡು ಸಾಮಾನ್ಯವಾಗಿ ಎರಡೂವರೆ ಇಂಚಿನದು. ಇಂಥವುಗಳಿಗೆ ತಯಾರಾಗುವ ತೋಟಾವನ್ನು 65 ಮಿ.ಮೀ. ಎಂದು ಕರೆಯುತ್ತಾರೆ. ನಂತರ ಎರಡೂಮುಕ್ಕಾಲು ಇಂಚಿನ, ಅಂದರೆ 70 ಮಿ.ಮೀ. ಗೂಡು ಬಳಕೆಗೆ ಬಂತು. ಇದಕ್ಕಿಂತ ಉದ್ದವಾದ 76 ಮಿ.ಮೀ. ತೋಟಾವೂ ಇದೆ.

ಇಲ್ಲೊಂದು ವಿಚಿತ್ರವಿದೆ. ತೋಟಾದ ಮೇಲೆ ಬರೆದಿರುವ ಉದ್ದ ಅದು ಹಾರುವ ಮುನ್ನ ಇರುವ ಉದ್ದವಲ್ಲ. ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ಖಾಲಿ ತೋಟಾದ ಉದ್ದ. ಚರೆ ಚೆಲ್ಲದಂತೆ ತೋಟಾದ ಬಾಯಿಯನ್ನು ನಕ್ಷತ್ರದ ಆಕಾರದಲ್ಲಿ ಮಡಚಿರುತ್ತಾರೆ. ಹೀಗೆ ಮಡಚಿದಾಗ 70 ಮಿ.ಮೀ. ತೋಟಾ ಸುಮಾರು 58 ಮಿ.ಮೀ. ಮಾತ್ರ ಇರುತ್ತದೆ. ಆದ್ದರಿಂದ ಅದು 65 ಮಿ.ಮೀ. ಗೂಡಿನೊಳಗೆ ಸಲೀಸಾಗಿ ಜಾರುತ್ತದೆ, ಕೋವಿ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಏನೂ ತಪ್ಪಾಗಿದೆ ಎನಿಸುವುದೇ ಇಲ್ಲ.

ತೊಂದರೆ ತಲೆದೋರುವುದು ಕುದುರೆ ಎಳೆದ ಮೇಲೆ. ಗೂಡು ಮುಗಿದಲ್ಲಿ ನಳಿಗೆ ಕಿರಿದಾಗುತ್ತ ಹೋಗುತ್ತದೆ. ಉದ್ದದ ತೋಟಾದ ಬಾಯಿ ಆ ಕಿರಿದಾದ ಜಾಗದಲ್ಲಿ ಪೂರ್ತಿ ಬಿಚ್ಚಿಕೊಳ್ಳಲಾರದು. ಚರೆಗಳು ಆ ಇಕ್ಕಟ್ಟಿನಲ್ಲೇ ನುಗ್ಗಬೇಕಾಗುತ್ತದೆ. ಒತ್ತಡ ಏರುತ್ತದೆ. ಉದ್ದದ ತೋಟಾದಲ್ಲಿ ಮದ್ದು, ಚರೆಯ ಹೊರೆಯೂ ಹೆಚ್ಚಿದ್ದರೆ ಹಳೆಯ ಕೋವಿಯ ಕೀಲು ಸಡಿಲಾಗಬಹುದು, ನಳಿಗೆ ಬಿರಿಯಬಹುದು. ಒಂದೆರಡು ಸಲ ಏನೂ ಆಗದಿದ್ದುದೇ ಧೈರ್ಯಕ್ಕೆ ಕಾರಣವಾಗಬಾರದು. ಲೋಹದ ಬಳಲಿಕೆ ಕಣ್ಣಿಗೆ ಕಾಣುವಂಥದ್ದಲ್ಲ.

ಅಜ್ಜನ ಕಾಲದ ಕೋವಿಗಳಲ್ಲಿ ಇನ್ನೊಂದು ಬಗೆಯಿದೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಬೆಸೆದು ಮಾಡಿದ ಅಲೆಅಲೆಯಾದ ವಿನ್ಯಾಸದ ನಳಿಗೆಗಳು. ‘ಡಮಾಸ್ಕಸ್’ ಎಂದು ಹೆಸರಾದ ಇವುಗಳಲ್ಲಿ ಬಹುಪಾಲು ಕರಿಮದ್ದಿನ ಕಾಲಕ್ಕೆ ತಯಾರಾದವು. ಇವುಗಳಿಗೆ ಇಂದಿನ ಹೊಗೆರಹಿತ ಮದ್ದಿನ ತೋಟಾ ಹಾಕುವುದು ಅಪಾಯವನ್ನು ಕೈಬೀಸಿ ಕರೆದಂತೆಯೇ.

ಉದ್ದವಷ್ಟೇ ಅಲ್ಲ, ಅಗಲ ತಪ್ಪಿದರೂ ಗಂಡಾಂತರ. 20 ಬೋರಿನ ತೋಟಾ 12 ಬೋರಿನ ಕೋವಿಗೆ ಬಿದ್ದರೆ ಗೂಡನ್ನು ದಾಟಿ ಮುಂದೆ ಸರಿದು ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿ ಇದೆಯೆಂದು ಅದರ ಹಿಂದೆ 12 ಬೋರಿನದನ್ನು ಹಾಕಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಈ ಕಾರಣಕ್ಕೇ 20 ಬೋರ್ ತೋಟಾಕ್ಕೆ ಹಳದಿ ಬಣ್ಣ ಕೊಡುವ ಪದ್ಧತಿ ಬಂದಿದೆ.

ತೋಟಾದ ಉದ್ದ ಇನ್ನೊಂದು ರೀತಿಯಲ್ಲೂ ಕಾಡುತ್ತದೆ. ಮಡಚಿ ತೆರೆದು ಕೈಯಾರೆ ತೋಟಾ ಇಡುವ ಒಂಟಿ ನಳಿಗೆ, ಜೋಡಿ ನಳಿಗೆಯ ಕೋವಿಗಳಲ್ಲಿ ಈ ರಗಳೆಯಿಲ್ಲ. ಪಂಪ್ ಕೋವಿಯ ಕಥೆ ಬೇರೆ. ಅದರ ನಳಿಗೆಯ ಕೆಳಗೆ ಇನ್ನೊಂದು ಕೊಳವೆ ಇರುತ್ತದೆ. ಅಲ್ಲಿ ತೋಟಾಗಳು ಸಾಲಾಗಿ ಕುಳಿತು, ಸ್ಪ್ರಿಂಗಿನ ಒತ್ತಡಕ್ಕೆ ಒಂದೊಂದಾಗಿ ಹಿಂದಕ್ಕೆ ಬರುತ್ತವೆ. ಹಿಡಿಯನ್ನು ಹಿಂದಕ್ಕೆ ಎಳೆದಾಗ ಖಾಲಿ ತೋಟಾ ಹೊರಬೀಳುತ್ತದೆ, ಹೊಸದು ಎತ್ತುವ ತಟ್ಟೆಯ ಮೇಲೆ ಬರುತ್ತದೆ. ಹಿಡಿಯನ್ನು ಮುಂದಕ್ಕೆ ತಳ್ಳಿದಾಗ ಅದು ಗೂಡು ಸೇರುತ್ತದೆ. ಇಡೀ ಏರ್ಪಾಡು ಒಂದು ನಿಶ್ಚಿತ ಉದ್ದಕ್ಕೆ ಹೊಂದಿಸಿದ್ದು. ತೋಟಾ ತೀರಾ ಗಿಡ್ಡವಾದರೆ ತಟ್ಟೆಯ ಮೇಲೆ ಹೊರಳಿ ಅಡ್ಡ ಬೀಳುತ್ತದೆ. ಉದ್ದವಾದರೆ ಹಾರಿದ ಮೇಲೆ ಬಿಚ್ಚಿಕೊಂಡ ಖಾಲಿ ತೋಟಾ ಹೊರಹೋಗುವ ಕಿಂಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಹಳೆಯ ಕಾಗದದ ತೋಟಾಗಳಿಗೆ ಮಳೆಯೂ ಶತ್ರು. ತೇವಕ್ಕೆ ಊದಿಕೊಂಡ ತೋಟಾ ಗೂಡಿನೊಳಗೆ ಹೋಗಲು ಮೊಂಡಾಟ ಮಾಡುತ್ತದೆ. ಬಲವಂತವಾಗಿ ತುರುಕಿದರೆ ಹೊರಗೆ ಬರಲೊಲ್ಲದು. ದುರ್ಗದಂಥ ಒಣ ಸೀಮೆಗಿಂತ ಮಲೆನಾಡಿನವರಿಗೆ ಇದರ ಅನುಭವ ಹೆಚ್ಚು. ಪ್ಲಾಸ್ಟಿಕ್ ತೋಟಾಗಳು ಬಂದ ಮೇಲೆ ಈ ತಾಪತ್ರಯ ತಗ್ಗಿದೆ.

ನಮ್ಮ ದೇಶದಲ್ಲಿ 12 ಬೋರಿನ ‘ಶಕ್ತಿಮಾನ್’ ತೋಟಾಗಳು ಪುಣೆ ಬಳಿಯ ಖಡ್ಕಿ ಕಾರ್ಖಾನೆಯವು. 1869ರಲ್ಲಿ ಆರಂಭವಾದ ಈ ಕಾರ್ಖಾನೆ 2021ರಿಂದ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯ ಅಧೀನದಲ್ಲಿದೆ. ಯಾವುದೇ ಕಾರ್ಖಾನೆಯ ತೋಟಾ ಇರಲಿ, ಕೊಳ್ಳುವ ಮುನ್ನ ಪೆಟ್ಟಿಗೆಯ ಮೇಲಿನ ಉದ್ದವನ್ನು ಓದಬೇಕು. ಕೋವಿಯ ಗೂಡಿನ ಅಳತೆಯನ್ನು ಸಾಮಾನ್ಯವಾಗಿ ನಳಿಗೆಯ ಮೇಲೆ ಅಥವಾ ಅದರ ಬುಡದ ಅಡಿಭಾಗದಲ್ಲಿ ಮುದ್ರೆ ಒತ್ತಿರುತ್ತಾರೆ. ಮುದ್ರೆ ಸವೆದಿದ್ದರೆ ಪರವಾನಗಿ ಪಡೆದ ಕೋವಿ ರಿಪೇರಿಯವರಿಂದ ಅಳತೆ ಮಾಡಿಸಬೇಕು. ಗೂಡಿಗಿಂತ ಗಿಡ್ಡ ತೋಟಾದಿಂದ ಪಂಪ್ ಕೋವಿ ಮೊರಾಯಿಸೀತು, ಏಟು ಕೊಂಚ ಸಪ್ಪೆಯಾದೀತು. ಗೂಡಿಗಿಂತ ಉದ್ದದ ತೋಟಾವನ್ನು ಮಾತ್ರ ಮುಟ್ಟಲೇಬಾರದು.

ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಗೆ ಜಮಾ ಮಾಡಿಸುವುದು ವಾಡಿಕೆ. ಬಹಳ ಮನೆಗಳಲ್ಲಿ ಅಜ್ಜನ ಕೋವಿ ಅಟ್ಟದಿಂದ ಕೆಳಗಿಳಿದು ಬೆಳಕು ಕಾಣುವುದು ಆಗಲೇ. ರಸೀದಿ ತೋರಿಸಿ ಕೋವಿಯನ್ನು ಮನೆಗೆ ತಂದ ದಿನ, ಧೂಳು ಒರೆಸುವಾಗಲೇ ಬುಡದ ಮುದ್ರೆಯನ್ನೂ ಓದಿಟ್ಟುಕೊಂಡರೆ, ಅಪಘಾತವೊಂದು ತಪ್ಪಿದಂತೆ.